ರಾಗಿಯ ಮೊದಲ ಜಂಪಿಂಗ್ ಸ್ಪರ್ಧೆ: ನನ್ನ ಅನುಭವ

ಎಳೆ ಪೋನಿಯನ್ನು ಮೊದಲ ಸಲ ಜಂಪಿಂಗ್ ಸ್ಪರ್ಧೆಗೆ ಕರೆದುಕೊಂಡು ಹೋಗ್ತೀವಿ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: 'ಎಷ್ಟು ಎತ್ತರ ಹಾರುತ್ತೆ?' ನಾನು ಮೊದಲು ನೋಡುವುದು ಬೇರೆ. ವ್ಯಾನ್ ಹತ್ತುತ್ತಾ? ಜೊತೆಗಾರ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ನಿಲ್ಲುತ್ತಾ? ಗೊತ್ತಿಲ್ಲದ ಜಾಗದಲ್ಲಿ ನೀರು ಕುಡಿಯುತ್ತಾ? ಇಷ್ಟಕ್ಕೂ ಪೋನಿ ತಯಾರಾಗಿದ್ದರೆ 60 ಸೆಂಟಿಮೀಟರ್ ಎತ್ತರದ ಪೋಲ್ (ಅಡ್ಡಗಂಬ) ದಾಟಿಸುವುದು ಕಷ್ಟವೇ ಅಲ್ಲ.

ಬೆಂಗಳೂರಿನ ಉತ್ತರಕ್ಕೆ, ದೊಡ್ಡಬಳ್ಳಾಪುರ ರಸ್ತೆ ಕಡೆ ನಾನು ಮಕ್ಕಳಿಗೆ ಸವಾರಿ ಕಲಿಸುತ್ತೇನೆ. ರಾಗಿ ನಮ್ಮ ಲಾಯದಲ್ಲೇ ಪಳಗಿದ ಹೆಣ್ಣು ಪೋನಿ. ಗುಜರಾತಿನ ಕಾಠಿಯಾವಾಡಿ ಕುದುರೆಯ ಮಿಶ್ರತಳಿ, ಹಾಗಾಗಿ ಕಿವಿಗಳ ತುದಿ ಒಳಕ್ಕೆ ಬಾಗಿವೆ. ಏನನ್ನಾದರೂ ಗಮನವಿಟ್ಟು ನೋಡುವಾಗ ಎರಡೂ ತುದಿಗಳು ಮುಟ್ಟುವಷ್ಟು ಹತ್ತಿರ ಬರುತ್ತವೆ. ಎತ್ತರ 13 ಹ್ಯಾಂಡ್‌ಗಿಂತ ಸ್ವಲ್ಪ ಮೇಲೆ. ಒಂದು ಹ್ಯಾಂಡ್ ಅಂದರೆ 4 ಇಂಚು, 14.2 ಹ್ಯಾಂಡ್ (14 ಹ್ಯಾಂಡ್ 2 ಇಂಚು), ಅಂದರೆ ಸುಮಾರು 148 ಸೆಂಟಿಮೀಟರ್ ಒಳಗಿದ್ದರೆ ಪೋನಿ ಲೆಕ್ಕ. ವಯಸ್ಸು ಐದು ತುಂಬಿತ್ತು.

ಐದಾಗುವವರೆಗೆ ಕಾದದ್ದಕ್ಕೆ ಕಾರಣ ಇದೆ. ಕುದುರೆಯ ಕಾಲಿನ ಕೆಳಭಾಗದ ಮೂಳೆಗಳು ಬೇಗ ಬಲಿಯುತ್ತವೆ. ಬೆನ್ನುಮೂಳೆ ಹಾಗಲ್ಲ, ಐದು ವರ್ಷ ದಾಟಿದ ಮೇಲೂ ಅದು ಬಲಿಯುತ್ತಲೇ ಇರುತ್ತೆ. ಸವಾರ ಕೂರುವುದೇ ಅದರ ಮೇಲೆ, ಅಲ್ವಾ? ಮೂರು ವರ್ಷಕ್ಕೇ ಮೀಟರ್ ಎತ್ತರ ಹಾರಿಸುವುದು ನನಗೆ ಖಂಡಿತ ಒಪ್ಪಿಗೆ ಇಲ್ಲ. ನಮ್ಮ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದು, ಆಮೇಲೆ ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿ ಬಂದ ಮೇಲೆ ನಮ್ಮಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೆ ಆಸೆ ಹೆಚ್ಚಾಗಿದೆ. ಅದು ಒಳ್ಳೆಯದೇ. ಅವರಿಗೆ ನಾನು ಹೇಳುವುದಿಷ್ಟೇ: ಒಲಿಂಪಿಕ್ಸ್ ಜಂಪಿಂಗ್‌ಗೆ ಇಳಿಯಬೇಕಾದರೆ ಕುದುರೆಗೆ ಕನಿಷ್ಠ 9 ವರ್ಷ ಆಗಿರಲೇಬೇಕು ಅಂತ ನಿಯಮವೇ ಇದೆ. ಕಾಯುವುದು ಈ ಆಟದ ಒಂದು ಭಾಗ.

ಮೊದಲು ವ್ಯಾನ್ ಅಭ್ಯಾಸ ಶುರು ಮಾಡಿದೆವು. ಫ್ಲೋಟನ್ನು (ಕುದುರೆ ಸಾಗಿಸುವ ವ್ಯಾನ್) ಲಾಯದ ಮುಂದೆ ನಿಲ್ಲಿಸಿ, ಇಳಿಜಾರು ಹಲಗೆ ಇಳಿಸಿ, ಒಳಗೆ ಒಂದು ಹಿಡಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕಟ್ಟಿಬಿಡುತ್ತಿದ್ದೆವು. ಯಾರೂ ಎಳೆಯುವ ಹಾಗಿಲ್ಲ, ಹಿಂದಿನಿಂದ ಅಟ್ಟುವ ಹಾಗಿಲ್ಲ. ಮೊದಮೊದಲು ರಾಗಿ ಮುಂಗಾಲು ಎರಡನ್ನು ಮಾತ್ರ ಇಟ್ಟು, ಕತ್ತು ಚಾಚಿ ಎಟುಕಿದಷ್ಟು ತಿಂದು, ವಾಪಸ್ ಬರುತ್ತಿದ್ದಳು. ಹಲಗೆ ಟೊಳ್ಳಾಗಿ ಸದ್ದು ಮಾಡುತ್ತಿದ್ದದ್ದೇ ಅವಳಿಗೆ ಹೆದರಿಕೆ. ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿದ ಮೇಲೆ ಅರ್ಧ ಹೆದರಿಕೆ ಹೋಯಿತು. ತಾನಾಗೇ ಹತ್ತಿ ನಿಲ್ಲುವ ಹಾಗಾದ ಮೇಲೆ ಬಾಗಿಲು ಮುಚ್ಚಿ, ಊರಿನ ಸುತ್ತ ಒಂದು ರೌಂಡ್ ಹೊಡೆಸಿ ವಾಪಸ್ ಇಳಿಸುತ್ತಿದ್ದೆವು. ಫ್ಲೋಟ್ ಹತ್ತಿದರೆ ಪ್ರತಿ ಸಲವೂ ಕೆಲಸವೇ ಕಾದಿರುತ್ತೆ ಅಂತ ಅವಳಿಗೆ ಅನ್ನಿಸಬಾರದು.

ಶಬ್ದದ ಅಭ್ಯಾಸವೂ ಬೇಕು. ಶೋ ಮೈದಾನದಲ್ಲಿ ಮೈಕ್, ಚಪ್ಪಾಳೆ, ಗಾಳಿಗೆ ಪಟಪಟ ಅನ್ನುವ ಬ್ಯಾನರ್ ಎಲ್ಲ ಇರುತ್ತೆ. ಲಾಯದಲ್ಲಿ ಕಾಳು ಹಾಕುವ ಹೊತ್ತಿಗೆ ಸ್ಪೀಕರ್‌ನಲ್ಲಿ ಮೈಕ್ ಅನೌನ್ಸ್‌ಮೆಂಟ್ ಹಾಕುತ್ತಿದ್ದೆ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಮಕ್ಕಳನ್ನು ಬೇಲಿ ಆಚೆ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದೆ. ಮಕ್ಕಳಿಗೂ ಖುಷಿ.

ಜಂಪ್‌ಗಳಲ್ಲಿ ಎತ್ತರಕ್ಕಿಂತ ಬಣ್ಣ, ಆಕಾರಗಳ ಮೇಲೆ ಜಾಸ್ತಿ ಗಮನ ಕೊಟ್ಟೆ. ಕುದುರೆಯ ಕಣ್ಣು ತಲೆಯ ಪಕ್ಕಕ್ಕೆ ಇರುವುದರಿಂದ ಸುತ್ತ ಹೆಚ್ಚುಕಡಿಮೆ ಎಲ್ಲ ಕಾಣುತ್ತೆ, ಆದರೆ ಮೂಗಿನ ನೇರ ಮುಂದೆ ಕಾಣುವುದಿಲ್ಲ. ಅಂದರೆ ಹಾರುವ ಕ್ಷಣಕ್ಕೆ ಪೋಲ್ ಅದಕ್ಕೆ ಸರಿಯಾಗಿ ಕಾಣುತ್ತಲೇ ಇರುವುದಿಲ್ಲ, ಕೆಲವು ಹೆಜ್ಜೆ ಮೊದಲು ನೋಡಿದ ನೆನಪಿನ ಮೇಲೆ ಹಾರುತ್ತೆ. ಬಣ್ಣಗಳಲ್ಲಿ ನೀಲಿ ಮತ್ತು ಹಳದಿ ಚೆನ್ನಾಗಿ ಗೊತ್ತಾಗುತ್ತವೆ, ಕೆಂಪು ಹಸಿರು ಎರಡೂ ಒಂದೇ ಥರ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಇದನ್ನು ಅಧ್ಯಯನ ಮಾಡಿ, ಕಿತ್ತಳೆ ಬಣ್ಣ ಕುದುರೆಗೆ ಎದ್ದು ಕಾಣುವುದಿಲ್ಲ ಅಂತ ತೋರಿಸಿದ ಮೇಲೆ ಅಲ್ಲಿನ ರೇಸುಗಳ ತಡೆಗಳಿಗೆ ಬಿಳಿ ಬಣ್ಣ ಬಂತು. ಹಾಗಾಗಿ ಮನೆಯಲ್ಲಿ 50 ಸೆಂಟಿಮೀಟರ್ ಮೇಲೆ ಏರಿಸದೆ, ಪೋಲ್ ಕೆಳಗೆ ದಿನಕ್ಕೊಂದು ವಸ್ತು ಇಡುತ್ತಿದ್ದೆ: ಹೂಕುಂಡ, ಗೋಣಿಚೀಲ, ಪೇಂಟ್ ಮಾಡಿದ ಹಲಗೆ, ಹಳೇ ಟಾರ್ಪಾಲಿನ್. ಹತ್ತಿರ ಕರೆದುಕೊಂಡು ಹೋಗಿ ಮೂಸಿಸಿ, ಆಮೇಲೆ ನಿಧಾನ ಓಟದ ಟ್ರಾಟ್‌ನಲ್ಲಿ ದಾಟಿಸುವುದು.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯ ರಿಪೋರ್ಟ್ ಮುಂಚಿತವಾಗಿ ಮಾಡಿಸಿಟ್ಟುಕೊಳ್ಳಿ. ಅದು ಕುದುರೆಯಿಂದ ಕುದುರೆಗೆ ಮಾತ್ರವಲ್ಲ, ಮನುಷ್ಯರಿಗೂ ಅಂಟುವ ಕಾಯಿಲೆ, ಆದ್ದರಿಂದ ಗೇಟಿನಲ್ಲಿ ಮುಲಾಜು ಇರುವುದಿಲ್ಲ, ಇರಲೂಬಾರದು. ಟೆಟನಸ್ ಚುಚ್ಚುಮದ್ದು ಹಾಕಿಸಿರಬೇಕು. ಲಾಳ ಹೊಡೆಸುವುದಿದ್ದರೆ ಒಂದು ವಾರ ಮುಂಚೆಯೇ ಮುಗಿಸಿ, ಹಿಂದಿನ ದಿನ ಬೇಡ.

ನೀರಿನದು ಸಣ್ಣ ಉಪಾಯ, ಆದರೆ ತುಂಬಾ ಕೆಲಸಕ್ಕೆ ಬರುತ್ತೆ. ಬೇರೆ ಊರಿನ ನೀರಿನ ವಾಸನೆ ಹಿಡಿಸದೆ ಕೆಲವು ಕುದುರೆಗಳು ಇಡೀ ದಿನ ಕುಡಿಯುವುದಿಲ್ಲ. ಬಿಸಿಲಲ್ಲಿ ನೀರು ಬಿಟ್ಟರೆ ಹೊಟ್ಟೆನೋವು ಬರಬಹುದು, ಕುದುರೆಗೆ ಹೊಟ್ಟೆನೋವು ಅಂದರೆ ಜೀವಕ್ಕೇ ಅಪಾಯ. ಶೋಗೆ ಕೆಲವು ದಿನ ಮುಂಚಿನಿಂದಲೇ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವನು) ಬಕೆಟ್ ನೀರಿಗೆ ಒಂದು ಚೂರು ಬೆಲ್ಲ ಹಾಕುತ್ತಿದ್ದ. ಅಲ್ಲೂ ಅದೇ ಬಕೆಟ್, ಅದೇ ಬೆಲ್ಲ. ರಾಗಿ ಇಳಿದ ಕೂಡಲೇ ಮುಕ್ಕಾಲು ಬಕೆಟ್ ಕುಡಿದಳು. ನನಗೆ ಅಲ್ಲಿಗೇ ಅರ್ಧ ಸಮಾಧಾನ.

ಬೆಳಗ್ಗೆ ಟ್ರಾಫಿಕ್ ಶುರುವಾಗುವ ಮುಂಚೆ ಹೊರಟಿದ್ದೆವು. ಆ ದಿನ ಹುರುಳಿ ಕಡಿಮೆ, ಹುಲ್ಲು ಜಾಸ್ತಿ. ಮೈದಾನ ತಲುಪಿದ ಮೇಲೆ ಜೀನು ಹಾಕದೆ, ಬರೀ ಹಗ್ಗ ಹಿಡಿದು ಸುಮ್ನೆ ಸುತ್ತಾಡಿಸಿದೆ. ಅಲ್ಲಲ್ಲಿ ನಿಲ್ಲಿಸಿ ಹುಲ್ಲು ಮೇಯಲು ಬಿಟ್ಟೆ. ತಲೆ ತಗ್ಗಿಸಿ ಮೇಯುವ ಕುದುರೆಯ ಉಸಿರೂ ತಾನಾಗೇ ನಿಧಾನವಾಗುತ್ತೆ. ರೈಡರ್ ಹುಡುಗಿಗೂ ಅದೇ ಹೊತ್ತು ಸಿಕ್ಕಿತು, ಗಾಬರಿಗೆ ಅವಳ ಕೈ ತಣ್ಣಗಾಗಿತ್ತು.

ಆಮೇಲೆ ನಾನು, ಹುಡುಗಿ ಇಬ್ಬರೂ ಕೋರ್ಸ್, ಅಂದರೆ ಜಂಪ್‌ಗಳನ್ನು ಇಟ್ಟ ದಾರಿ, ನಡೆದು ನೋಡಿದೆವು. ಕೆಂಪು ಬಾವುಟ ಬಲಗಡೆ, ಬಿಳಿ ಎಡಗಡೆ ಇರುವಂತೆ ದಾಟಬೇಕು. ನನ್ನ ಒಂದು ದೊಡ್ಡ ಹೆಜ್ಜೆ 3 ಅಡಿ ಅಂತ ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು ಕಡೆ ಎರಡು ಜಂಪ್‌ಗಳ ಮಧ್ಯೆ 60 ಅಡಿ ಇತ್ತು. ದೊಡ್ಡ ಕುದುರೆಯ ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ) ಹೆಜ್ಜೆ ಸುಮಾರು 12 ಅಡಿ, ಇಳಿಯುವುದಕ್ಕೂ ಮತ್ತೆ ಹಾರುವುದಕ್ಕೂ ಆರಾರು ಅಡಿ ಕಳೆದರೆ ಮಧ್ಯೆ 4 ಹೆಜ್ಜೆ. ರಾಗಿಯ ಹೆಜ್ಜೆ 10 ಅಡಿ, ಹಾಗಾಗಿ ಅವಳಿಗೆ 5. ಬೇರೆಯವರು ನಾಲ್ಕರಲ್ಲಿ ಬರುತ್ತಿದ್ದಾರೆ ಅಂತ ಅಟ್ಟಬೇಡ, ಬೇಕಾದರೆ ಟ್ರಾಟ್‌ಗೆ ಇಳಿಸು ಅಂದೆ. ಇನ್ನೊಂದು ಮಾತೂ ಮೊದಲೇ ಹೇಳಿಟ್ಟಿದ್ದೆ: ಒಂದೂ ಪೋಲ್ ಬೀಳದೆ, ವೇಗ ನೋಡುವ ಕೊನೆಯ ಸುತ್ತಾದ ಜಂಪ್-ಆಫ್‌ಗೆ ಹೋದರೂ ಗಡಿಯಾರದ ಜೊತೆ ಓಟ ಬೇಡ. ಎಳೆ ಪೋನಿಗೆ ಮೊದಲ ದಿನವೇ ವೇಗದ ರುಚಿ ಹತ್ತಿಸಿದರೆ ಅದನ್ನು ಬಿಡಿಸಲು ಬಹಳ ಕಾಲ ಬೇಕು.

ವಾರ್ಮಪ್ ಚಿಕ್ಕದು. ಕ್ರಾಸ್ ಪೋಲ್ (X ಆಕಾರದ ಜಂಪ್) ಒಂದೆರಡು ಸಲ, ಒಂದು ಸಣ್ಣ ನೇರ ಜಂಪ್, ಚೆನ್ನಾಗಿ ಹಾರಿದ ಕೂಡಲೇ ಸಾಕು. ಅಲ್ಲೇ ಹತ್ತಾರು ಸಲ ಹಾರಿಸಿ ಸುಸ್ತು ಮಾಡಿಕೊಳ್ಳುವವರನ್ನು ಪ್ರತಿ ಶೋನಲ್ಲೂ ನೋಡುತ್ತೇನೆ.

ಗಂಟೆ ಹೊಡೆದ ಮೇಲೆ ಶುರು ಮಾಡಲು 45 ಸೆಕೆಂಡ್ ಸಿಗುತ್ತೆ. ಹುಡುಗಿ ಆತುರ ಮಾಡಲಿಲ್ಲ. ಜಡ್ಜ್‌ಗೆ ಸಲ್ಯೂಟ್ ಮಾಡಿ, ದೊಡ್ಡ ಸುತ್ತು ಹೊಡೆದು ಬಂದಳು. ಮೊದಲೆರಡು ಜಂಪ್ ಸಲೀಸು. ಮೂರನೆಯದರ ಕೆಳಗೆ ನೀಲಿ ಹಲಗೆ, ಅದರ ಮೇಲೆ ಬಿಳಿ ಅಲೆಗಳ ಚಿತ್ರ. ನಾಲ್ಕೈದು ಗಜ ದೂರದಲ್ಲೇ ರಾಗಿಯ ಕಿವಿ ತುದಿಗಳು ಕೂಡಿಕೊಂಡವು, ಕತ್ತು ಮೇಲೆದ್ದಿತು, ಮುಂಗಾಲು ಮರಳಲ್ಲಿ ಊರಿ ನಿಂತೇಬಿಟ್ಟಳು. ನಿರಾಕರಣೆಗೆ 4 ಪೆನಾಲ್ಟಿ. ಹುಡುಗಿ ಚಾವಟಿ ಎತ್ತಲಿಲ್ಲ, ಲಗಾಮು ಜಗ್ಗಲಿಲ್ಲ. ಅವಳ ಹಿಮ್ಮಡಿ ಕೆಳಗೆ, ಕಣ್ಣು ಜಂಪ್‌ನ ಆಚೆಯ ಮರದ ಮೇಲೆ. ಚಿಕ್ಕ ಸುತ್ತು ತಿರುಗಿಸಿ, ಟ್ರಾಟ್‌ನಲ್ಲಿ ನೇರ ತಂದು, ಕಾಲಿನಿಂದ ಒತ್ತಿ ಹಿಡಿದಳು. ರಾಗಿ ಅಗತ್ಯಕ್ಕಿಂತ ಅರ್ಧ ಮೀಟರ್ ಜಾಸ್ತಿಯೇ ಹಾರಿದಳು! ಹುಡುಗಿ ಕೇಸರ (ಕತ್ತಿನ ಕೂದಲು) ಹಿಡಿದುಕೊಂಡಿದ್ದರಿಂದ ಪೋನಿಯ ಬಾಯಿಗೆ ಎಳೆತ ಬೀಳಲಿಲ್ಲ. ಇದನ್ನು ನಾನು ಎಲ್ಲ ಮಕ್ಕಳಿಗೂ ಒತ್ತಿ ಹೇಳುತ್ತೇನೆ: ಎಳೆ ಪೋನಿ ಮೇಲಿದ್ದಾಗ ಕೇಸರ ಹಿಡಿಯಲು ನಾಚಿಕೆ ಬೇಡ. ಧೈರ್ಯ ಮಾಡಿ ಹಾರಿದ್ದಕ್ಕೆ ಬಾಯಿನೋವು ಬಹುಮಾನವಾಗಿ ಸಿಕ್ಕರೆ ಮುಂದಿನ ಸಲ ಅದು ಯಾಕೆ ಹಾರಬೇಕು?

ಉಳಿದದ್ದೆಲ್ಲ ಕ್ಲಿಯರ್. 60 ಅಡಿ ಲೈನಿನಲ್ಲಿ ಲೆಕ್ಕ ಹಾಕಿದ ಹಾಗೇ 5 ಹೆಜ್ಜೆ. ಒಟ್ಟು 4 ಪೆನಾಲ್ಟಿ, ಬಹುಮಾನದ ರಿಬ್ಬನ್ ಇಲ್ಲ. ಹೊರಗೆ ಬಂದ ಪೋನಿ ಸೈಸ್‌ನ ಜೇಬಿಗೆ ಮೂತಿ ತೂರಿಸಿ ಕ್ಯಾರೆಟ್ ಹುಡುಕುತ್ತಿದ್ದಳು. ಹೆದರಿದ ಪೋನಿ ಹಾಗೆ ಮಾಡುವುದಿಲ್ಲ. ನನಗೆ ಬೇಕಾಗಿದ್ದ ಫಲಿತಾಂಶ ಅದೇ.

ಸಂಜೆ ನಾಲ್ಕೂ ಕಾಲುಗಳನ್ನು ಕೈಯಿಂದ ತಡವಿ ನೋಡಿದೆ. ಎಲ್ಲೂ ಬಿಸಿ ಇರಲಿಲ್ಲ, ಊತ ಇರಲಿಲ್ಲ. ಮರುದಿನ ಪೂರ್ತಿ ರಜೆ, ಮೇಯಲು ಬಿಟ್ಟೆವು. ಆ ವಾರ ಜಂಪ್ ಮಾಡಿಸಲಿಲ್ಲ, ಹೊಲದ ದಾರಿಯಲ್ಲಿ ಓಡಾಟ ಅಷ್ಟೇ. ಈಗ ನಮ್ಮ ಬಡಗಿ ಅದೇ ಥರದ ಅಲೆ ಚಿತ್ರದ ನೀಲಿ ಹಲಗೆ ಮಾಡಿಕೊಟ್ಟಿದ್ದಾನೆ, ಅಂಗಳದಲ್ಲಿ ನೀರಿನ ತೊಟ್ಟಿಗೆ ಒರಗಿಸಿಟ್ಟಿದ್ದೇವೆ. ಮುಂದಿನ ಶೋಗೂ 60ರ ವರ್ಗಕ್ಕೇ ಹೆಸರು ಕೊಟ್ಟಿದ್ದೇನೆ. ಬೇರೆ ಬೇರೆ ಮೈದಾನಗಳಲ್ಲಿ ಆ ಎತ್ತರ ಅವಳಿಗೆ ಬೇಸರ ಬರುವಷ್ಟು ಸುಲಭ ಆದ ಮೇಲೆ 70.