ಗಾಢ ಬಣ್ಣದ ಹತ್ತಿ ಬಟ್ಟೆಯ ಮೇಲಿನ ಬಿಳಿ ಕಲೆ ತೆಗೆಯುವುದು ಹೇಗೆ?

ಕಪ್ಪು, ಕಡುನೀಲಿ, ಕಂದು ಬಣ್ಣದ ಹತ್ತಿ ಬಟ್ಟೆ ಒಗೆದು ಒಣಗಿಸಿದ ಮೇಲೆ ಅಲ್ಲಲ್ಲಿ ಬಿಳಿ ಗೆರೆ, ಮಾಸಲು ಮಚ್ಚೆ, ಪುಡಿ ಉದುರಿಸಿದಂಥ ಗುರುತು ಕಾಣುವುದುಂಟು. ಸರಿಯಾಗಿ ಒಗೆದಿಲ್ಲ ಅಂದುಕೊಂಡು ಇನ್ನೊಂದಿಷ್ಟು ಪೌಡರ್ ಹಾಕಿ ಮತ್ತೆ ಒಗೆಯುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಸಲ ಆ ಕಲೆಗೆ ಪೌಡರೇ ಕಾರಣವಾಗಿರುತ್ತದೆ.

ಕಲೆ ಯಾವುದು ಎಂದು ಗೊತ್ತಾಗುವವರೆಗೆ ಬಟ್ಟೆಗೆ ಏನನ್ನೂ ಹಚ್ಚಬೇಡಿ. ಬಟ್ಟೆಯ ಮೇಲೆ ಏನೋ ಕೂತಿದೆಯಾ, ಇಲ್ಲ ಬಟ್ಟೆಯ ಬಣ್ಣವೇ ಹೋಗಿದೆಯಾ? ಮೊದಲು ತಿಳಿಯಬೇಕಾದ್ದು ಇಷ್ಟೇ. ಮೇಲೆ ಕೂತದ್ದನ್ನು ತೆಗೆಯಬಹುದು. ಹೋದ ಬಣ್ಣವನ್ನು ಎಷ್ಟು ಒಗೆದರೂ ತರಲಾಗದು.

ಮೊದಲು ಪರೀಕ್ಷೆ ಮಾಡಿ

ಬಟ್ಟೆ ಪೂರ್ತಿ ಒಣಗಿರಲಿ. ಒಳ್ಳೆಯ ಬೆಳಕಿನಲ್ಲಿ ಹಿಡಿದು ಕಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪುಡಿ ಉದುರಿದರೆ ಅದು ಕರಗದೆ ಉಳಿದ ಪೌಡರ್ ಅಥವಾ ನೀರಿನಲ್ಲಿರುವ ಸುಣ್ಣದ ಅಂಶ. ಬೆರಳಿಗೆ ಜಿಡ್ಡು ತಾಗಿದರೆ ಫ್ಯಾಬ್ರಿಕ್ ಸಾಫ್ಟನರ್ ಇರಬಹುದು.

ಆಮೇಲೆ ಕಲೆ ಇರುವ ಜಾಗವನ್ನು ನೀರಿನಲ್ಲಿ ಚೆನ್ನಾಗಿ ಒದ್ದೆ ಮಾಡಿ. ಒದ್ದೆಯಲ್ಲೂ ಕಲೆ ಎದ್ದು ಕಾಣುತ್ತಿದ್ದರೆ, ಅದರಲ್ಲೂ ಕಿತ್ತಳೆ, ಕಂದು ಅಥವಾ ಗುಲಾಬಿ ಛಾಯೆ ಇದ್ದರೆ, ಬಣ್ಣ ಹೋಗಿದೆ ಎಂದೇ ತಿಳಿಯಿರಿ. ಒದ್ದೆಯಾದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಮೇಲೆ ಏನೋ ಕೂತಿದೆ, ಇಲ್ಲವೇ ಬಟ್ಟೆಯ ಮೇಲ್ಮೈ ಸವೆದಿದೆ.

ಒದ್ದೆಯಾದರೆ ಕಲೆ ಯಾಕೆ ಮಾಯವಾಗುತ್ತದೆ? ಪುಡಿಯ ಕಣಗಳ ನಡುವೆ ಗಾಳಿ ಇದ್ದಾಗ ಬೆಳಕು ಎಲ್ಲ ಕಡೆ ಚೆದುರಿ ಅಲ್ಲಿ ಬೆಳ್ಳಗೆ ಕಾಣುತ್ತದೆ. ಆ ಜಾಗಕ್ಕೆ ನೀರು ತುಂಬಿಕೊಂಡರೆ ಬೆಳಕು ಚೆದುರುವುದು ಕಡಿಮೆಯಾಗುತ್ತದೆ. ಬಟ್ಟೆ ಹಿಂಡುವಾಗ ಎಲ್ಲ ಸರಿಯಾಗಿ ಕಂಡು, ಒಣಗಿದ ಮೇಲೆ ಕಲೆ ಹೊರಬರುವುದು ಇದೇ ಕಾರಣಕ್ಕೆ. ಆದ್ದರಿಂದ ಕಲೆ ಹೋಯಿತಾ ಇಲ್ಲವಾ ಎಂದು ಒದ್ದೆ ಬಟ್ಟೆ ನೋಡಿ ಹೇಳಬೇಡಿ. ಒಣಗಲು ಬಿಡಿ.

ಪೌಡರ್ ಉಳಿದಿದ್ದರೆ

ಎಲ್ಲಕ್ಕಿಂತ ಸುಲಭವಾಗಿ ಹೋಗುವ ಕಲೆ ಇದು. ಮೊದಲು ಒಣ ಬಟ್ಟೆಯನ್ನೇ ಕೊಡವಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಆಮೇಲೆ ಸುಮಾರು 40 ಡಿಗ್ರಿ ಬಿಸಿಯ ನೀರಿನಲ್ಲಿ, ಅಂದರೆ ಕೈ ಇಟ್ಟರೆ ಹಿತವಾಗಿರುವಷ್ಟು ಬಿಸಿಯಲ್ಲಿ, 15 ನಿಮಿಷ ನೆನೆಸಿ. ಸೋಪು, ಪೌಡರ್ ಏನೂ ಬೇಡ. ಕೈಯಲ್ಲಿ ಆಡಿಸಿ, ನೀರು ಬದಲಿಸಿ ಮತ್ತೆ ಜಾಲಿಸಿ. ನೀರಿನಲ್ಲಿ ನೊರೆ ಏಳುವುದು ನಿಲ್ಲುವವರೆಗೆ ಜಾಲಿಸಬೇಕು. ಮೆಷಿನ್ ಇದ್ದರೆ ಪೌಡರ್ ಹಾಕದೆ ಬರೀ ರಿನ್ಸ್ ಎರಡು ಸಲ ಓಡಿಸಿದರೆ ಸಾಕು. ಬಣ್ಣ ಬಿಡುವ ಬಟ್ಟೆಯಾದರೆ ಬಿಸಿ ನೀರಿನ ಗೋಜಿಗೆ ಹೋಗಬೇಡಿ, ತಣ್ಣೀರಿನಲ್ಲೇ ಇನ್ನೆರಡು ಸಲ ಜಾಲಿಸಿ.

ಇದು ಪದೇ ಪದೇ ಆಗುತ್ತಿದ್ದರೆ ಮೆಷಿನ್ ತುಂಬಿಸುವ ರೀತಿಯನ್ನು ಗಮನಿಸಿ. ಡ್ರಮ್ ಕಿಕ್ಕಿರಿದು ತುಂಬಿದರೆ ಬಟ್ಟೆಯ ಮಡಿಕೆಗಳೊಳಗೆ ನೀರು ಆಡುವುದಿಲ್ಲ. ಪೌಡರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಮೇಲೆ ಒಂದು ಕೈ ಆಡುವಷ್ಟಾದರೂ ಜಾಗ ಬಿಡಿ. ಇನ್ನೊಂದು ವಿಷಯ: ಹಲವು ಪೌಡರ್‌ಗಳಲ್ಲಿ ಝಿಯೊಲೈಟ್ ಎಂಬ ಖನಿಜದ ನುಣ್ಣನೆಯ ಪುಡಿ ಇರುತ್ತದೆ. ಅದು ನೀರಿನ ಗಡಸುತನ ತಗ್ಗಿಸುತ್ತದೆ, ಆದರೆ ನೀರಿನಲ್ಲಿ ಕರಗುವುದಿಲ್ಲ. ಬಿಳಿ ಬಟ್ಟೆಯಲ್ಲಿ ಅದು ಉಳಿದರೂ ಗೊತ್ತಾಗದು, ಕಪ್ಪು ಬಟ್ಟೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಗಾಢ ಬಣ್ಣಕ್ಕೆ ಲಿಕ್ವಿಡ್ ಡಿಟರ್ಜೆಂಟ್ ಒಳ್ಳೆಯದು ಅನ್ನುವುದು ಇದಕ್ಕೇ. ಪೌಡರನ್ನೇ ಬಳಸುವವರು ಮೊದಲು ಒಂದು ಮಗ್ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಬಟ್ಟೆ ಹಾಕಿ.

ಗಡಸು ನೀರಿನ ಕಲೆ

ನಾಲ್ಕು ಸಲ ಜಾಲಿಸಿದರೂ ಕಲೆ ಹೋಗದೆ, ಬಟ್ಟೆ ಮುಟ್ಟಿದರೆ ಗಟ್ಟಿಯಾಗಿ, ಒರಟಾಗಿ ಇದ್ದರೆ ಗಡಸು ನೀರಿನ ಮೇಲೆ ಅನುಮಾನಪಡಿ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಇವು ಬಾರ್ ಸೋಪಿನ ಜತೆ ಸೇರಿದರೆ ನೀರಿನಲ್ಲಿ ಕರಗದ ಅಂಟು ಅಂಟಾದ ಗಷ್ಟು ಹುಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಪಟ್ಟಿ ಅಂಟಿರುತ್ತದೆ ಅಲ್ವಾ, ಅದೇ ಬಟ್ಟೆಯ ಎಳೆಗಳಲ್ಲೂ ಕೂರುತ್ತದೆ. ಇದನ್ನು ಬಿಡಿಸಲು ಬರೀ ನೀರು ಸಾಲದು, ಹುಳಿ ಬೇಕು.

4 ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 250 ಮಿಲಿ ಬಿಳಿ ವಿನೆಗರ್ ಬೆರೆಸಿ. ಅಡುಗೆಗೆ ಬಳಸುವ, ಬಣ್ಣವಿಲ್ಲದ, ಶೇ 5ರಷ್ಟು ಹುಳಿ ಇರುವ ವಿನೆಗರ್ ಸಾಕು. ಅದು ಇಲ್ಲದಿದ್ದರೆ ಎರಡು ಟೀ ಚಮಚ ಸಿಟ್ರಿಕ್ ಆಸಿಡ್ ಪುಡಿಯನ್ನು ಪೂರ್ತಿ ಕರಗಿಸಿಕೊಳ್ಳಿ. ಬಟ್ಟೆಯ ಒಳ ಅಂಚಿನಲ್ಲಿ ಒಂದು ಹನಿ ಹಾಕಿ, ಬಣ್ಣ ಬಿಡುವುದಿಲ್ಲ ಎಂದು ನೋಡಿಕೊಂಡು 30 ನಿಮಿಷ ನೆನೆಸಿ. ನಡುವೆ ಒಂದೆರಡು ಸಲ ತಿರುವಿ. ಕೊನೆಗೆ ಹುಳಿ ವಾಸನೆ ಹೋಗುವವರೆಗೆ ಜಾಲಿಸಿ. ಹಳೆಯ ಕಲೆಯಾದರೆ ಇನ್ನೊಂದು ಸಲ ಬೇಕಾದೀತು. ನಿಂಬೆರಸ ಹಿಂಡಿ ಬಿಸಿಲಿಗೆ ಹಾಕುವ ಉಪಾಯ ಬಿಳಿ ಬಟ್ಟೆಗಷ್ಟೇ ಸರಿ, ಇಲ್ಲಿ ಅದು ಬಣ್ಣವನ್ನೂ ತಿಳಿ ಮಾಡಬಹುದು.

ಇದೊಂದನ್ನು ಖಂಡಿತ ನೆನಪಿಡಿ: ವಿನೆಗರ್, ಸಿಟ್ರಿಕ್ ಆಸಿಡ್ ಮುಂತಾದ ಯಾವ ಹುಳಿಯನ್ನೂ ಬ್ಲೀಚ್ ಜತೆ ಬೆರೆಸಬೇಡಿ. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಕಣ್ಣಿಗೂ ಶ್ವಾಸಕ್ಕೂ ಅಪಾಯ. ಬ್ಲೀಚ್ ಬಳಸಿದ ಬಕೆಟ್ಟನ್ನು ಚೆನ್ನಾಗಿ ತೊಳೆಯದೆ ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಕಂಕುಳ ಬಳಿಯ ಬಿಳುಪು

ಬೆನ್ನು, ಕಾಲರಿನ ಮೇಲೆ ಅಲೆ ಅಲೆಯಾಗಿ ಮೂಡುವ ಬಿಳಿ ಗೆರೆ ಬರೀ ಬೆವರಿನ ಉಪ್ಪು. ತಣ್ಣೀರಿಗೇ ಹೋಗುತ್ತದೆ. ಕಂಕುಳದ್ದು ಅಷ್ಟು ಸುಲಭವಲ್ಲ. ಬೆವರು ತಡೆಯುವ ಡಿಯೋಡರೆಂಟ್‌ಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದು ಬೆವರಿನ ಜತೆ ಸೇರಿ ಎಳೆಗಳ ನಡುವೆ ಪದರ ಕಟ್ಟುತ್ತದೆ. ಹೊಸ ಗುರುತಾದರೆ ಒಣ ಹತ್ತಿ ಬಟ್ಟೆಯಿಂದ ಉಜ್ಜಿದರೂ ಹೋಗುತ್ತದೆ. ಗಟ್ಟಿಯಾಗಿದ್ದರೆ ಸಮಪಾಲು ನೀರು, ವಿನೆಗರ್ ಬೆರೆಸಿ ಆ ಜಾಗಕ್ಕೆ ಮಾತ್ರ ಹಾಕಿ, ಅರ್ಧ ಗಂಟೆ ಬಿಟ್ಟು, ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ಒಳಗಿನ ಮೈಯಿಂದ ತಿಕ್ಕಿ. ಆಮೇಲೆ ಎಂದಿನಂತೆ ಒಗೆಯಿರಿ.

ಸಾಫ್ಟನರಿನ ಜಿಡ್ಡು ಕಲೆಗೆ ಹುಳಿ ಬೇಡ. ಜಾಗ ಒದ್ದೆ ಮಾಡಿ, ಬಾರ್ ಸೋಪು ಉಜ್ಜಿ, ಬೆಚ್ಚಗಿನ ನೀರಿನಲ್ಲಿ ತೊಳೆದರೆ ಆಯಿತು. ಜೇಬಿನಲ್ಲಿ ಉಳಿದ ಟಿಶ್ಯೂ ಚೂರು ಚೂರಾಗಿ ಅಂಟಿದ್ದರೆ ಒದ್ದೆಯಲ್ಲಿ ಸುಮ್ನೆ ಕೀಳಲು ಹೋಗಬೇಡಿ. ಪೂರ್ತಿ ಒಣಗಿಸಿ ಜೋರಾಗಿ ಕೊಡವಿ, ಉಳಿದದ್ದನ್ನು ಅಗಲದ ಅಂಟುಟೇಪಿನಿಂದ ಎತ್ತಿ.

ಸವೆದ ಗೆರೆಗಳು

ಮಡಿಕೆ, ಹೊಲಿಗೆಯ ಅಂಚು, ಮೊಣಕಾಲು, ಇಂಥ ಕಡೆ ಮಾತ್ರ ಬಿಳಿಚಿಕೊಂಡಿದ್ದರೆ ಅದು ಒಗೆತದ ಉಜ್ಜಾಟದಿಂದ ಆದದ್ದು. ಹತ್ತಿಯ ಎಳೆ ಮುರಿದು ಸಣ್ಣ ನಾರುಗಳು ಮೇಲೆದ್ದಿರುತ್ತವೆ. ಬೆಳಕು ಅಲ್ಲೂ ಚೆದುರುತ್ತದೆ. ವಿನೆಗರ್ ಇದಕ್ಕೆ ಏನೂ ಮಾಡದು. ಜುಂಗು ಕತ್ತರಿಸುವ ಫ್ಯಾಬ್ರಿಕ್ ಶೇವರ್ ಹಗುರವಾಗಿ ಆಡಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಮುಂದೆ ಒಗೆಯುವಾಗ ಬಟ್ಟೆಯನ್ನು ಉಲ್ಟಾ ಮಾಡಿ, ಜಿಪ್ ಎಳೆದು, ಒರಟು ಟವೆಲ್‌ಗಳಿಂದ ಬೇರೆ ಇಡಿ. ಒಣಗಿಸುವಾಗಲೂ ಉಲ್ಟಾ ಇರಲಿ, ನೆರಳಿನಲ್ಲಿ ಹಾಕಿ.

ಬಣ್ಣವೇ ಹೋಗಿದ್ದರೆ

ಕಾರಣ ಬ್ಲೀಚ್ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಮೊಡವೆ ಕ್ರೀಮಿನಲ್ಲಿರುವ ಬೆನ್ಝಾಯಿಲ್ ಪೆರಾಕ್ಸೈಡ್ ಕೂಡ ಬಣ್ಣ ತಿನ್ನುತ್ತದೆ. ಟವೆಲ್, ದಿಂಬಿನ ಕವರ್, ಟೀ ಶರ್ಟಿನ ಕೊರಳಿನಲ್ಲಿ ಕಾರಣವಿಲ್ಲದೆ ಕಿತ್ತಳೆ ಮಚ್ಚೆ ಕಂಡರೆ ಅದನ್ನು ನೆನಪಿಸಿಕೊಳ್ಳಿ. ಕ್ರೀಮ್ ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳುವುದೇ ಇದಕ್ಕೆ ಮದ್ದು.

ಚಿಕ್ಕ ಮಚ್ಚೆಯಾದರೆ ಬಟ್ಟೆಗೆಂದೇ ಸಿಗುವ ಮಾರ್ಕರ್ ಪೆನ್ ತೆಗೆದುಕೊಳ್ಳಿ. ಅಂಚಿನಿಂದ ನಡುವಿಗೆ ಚುಕ್ಕೆ ಚುಕ್ಕೆಯಾಗಿ ಹಚ್ಚಿ, ಒಣಗಿದ ಮೇಲೆ ಪ್ಯಾಕೆಟ್ಟಿನಲ್ಲಿ ಹೇಳಿದ್ದರೆ ಇಸ್ತ್ರಿ ಮಾಡಿ. ಮಚ್ಚೆಗಳು ಜಾಸ್ತಿ ಇದ್ದರೆ ಇಡೀ ಬಟ್ಟೆಗೆ ಹತ್ತಿಗೆ ಹಿಡಿಯುವ ಬಣ್ಣ ಹಾಕುವುದೇ ಚೆಂದ. ಮೂಲ ಬಣ್ಣಕ್ಕಿಂತ ಗಾಢವಾದದ್ದನ್ನೇ ಆರಿಸಿ. ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಅದು ಹತ್ತಿಯ ಬಣ್ಣವನ್ನು ಹೀರುವುದಿಲ್ಲ, ಹಳೆಯ ಬಣ್ಣದಲ್ಲೇ ಉಳಿಯುತ್ತದೆ. ಹಾಗಾಗಿ ಬಣ್ಣ ಆರಿಸುವ ಮೊದಲು ದಾರವನ್ನೂ ಒಮ್ಮೆ ನೋಡಿಕೊಳ್ಳಿ.