ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿದೆ, ಕೀಲಿ ಯಾರ ಕೈಯಲ್ಲಿದೆ?

ಯುರೋಪಿಯನ್ ಒಕ್ಕೂಟದ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಯಂತ್ರದ ಸೆನ್ಸರ್ ಲಾಗ್, ವಿನ್ಯಾಸದ ಕಡತದಂಥ ವೈಯಕ್ತಿಕವಲ್ಲದ ಡೇಟಾವನ್ನು ಹೊರದೇಶದ ಸರ್ಕಾರ ಕೇಳಿದಾಗ, ಕೊಟ್ಟರೆ ಒಕ್ಕೂಟದ ಇಲ್ಲವೇ ಸದಸ್ಯ ದೇಶದ ಕಾನೂನಿಗೆ ಧಕ್ಕೆಯಾಗುವಂತಿದ್ದರೆ ಕ್ಲೌಡ್ ಸೇವೆ ಕೊಡುವವರೇ ತಡೆಯಬೇಕು ಎನ್ನುತ್ತದೆ ಅದರ 32ನೇ ವಿಧಿ. ಕ್ಲೌಡ್ ಸೇವೆ ಕೊಡುವ ನಾವು ಅದನ್ನು ಜಾರಿಗೆ ತಂದ ಬಗೆ ಇದು.

ಮೊದಲು ಒಂದು ಪಟ್ಟಿ: ಯಾವ ಡೇಟಾ, ಎಲ್ಲಿದೆ, ಗೂಢಲಿಪಿಯನ್ನು ಬಿಡಿಸುವ ಕೀಲಿ ಯಾರದು, ಒಳಹೊಕ್ಕು ನೋಡಬಲ್ಲವರು ಯಾವ ದೇಶದ ಕಾನೂನಿಗೆ ಒಳಪಟ್ಟವರು. ಕೊನೆಯ ಕಾಲಮ್ಮೇ ಹೆಚ್ಚು ಸಮಯ ತಿಂದಿತು. ಅಮೆರಿಕದ 2018ರ ಕ್ಲೌಡ್ ಕಾಯ್ದೆಯ ಪ್ರಕಾರ, ಅಲ್ಲಿನ ನ್ಯಾಯವ್ಯಾಪ್ತಿಗೆ ಬರುವ ಕಂಪನಿ ತನ್ನ ಹಿಡಿತದಲ್ಲಿರುವ ಡೇಟಾ ಎಲ್ಲೇ ಇದ್ದರೂ ಒಪ್ಪಿಸಬೇಕಾಗಬಹುದು. ಹಾಗಾಗಿ ಮೆನುವಿನಲ್ಲಿ ಯುರೋಪಿನ ರೀಜನ್ (ಸರ್ವರ್ ಇರುವ ಪ್ರದೇಶ) ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಸೋರಿಕೆ ಸಿಕ್ಕಿದ್ದು ಡೇಟಾಬೇಸಿನಲ್ಲಲ್ಲ, ಸಪೋರ್ಟ್ ಟಿಕೆಟ್ಟಿನಲ್ಲಿ, ಅಂದರೆ ದೋಷ ಸರಿಪಡಿಸಲು ತೆರೆಯುವ ದಾಖಲೆಯಲ್ಲಿ. ಸೇವೆ ಕ್ರ್ಯಾಶ್ ಆದಾಗಿನ ಮೆಮೊರಿ ಡಂಪನ್ನು (ಆ ಕ್ಷಣ ಮೆಮೊರಿಯಲ್ಲಿದ್ದುದರ ನಕಲನ್ನು) ಟಿಕೆಟ್ಟಿಗೆ ಅಂಟಿಸುತ್ತಿದ್ದರು. ಡಿಸ್ಕಿನಲ್ಲಿ ಗೂಢಲಿಪಿಯಲ್ಲಿದ್ದ ಯಂತ್ರದ ಸೆಟ್ಟಿಂಗುಗಳು ಅದರಲ್ಲಿ ಬಿಡಿಬಿಡಿಯಾಗಿ ಓದಲು ಸಿಗುತ್ತಿದ್ದವು. ಟಿಕೆಟ್ ತೆರೆಯುತ್ತಿದ್ದುದು ಬೇರೆ ಖಂಡದ ರಾತ್ರಿ ಪಾಳಿಯವರು. ಈಗ ಡಂಪುಗಳು ಒಕ್ಕೂಟದೊಳಗಿನ ಪ್ರತ್ಯೇಕ ಸಂಗ್ರಹಕ್ಕೆ ಹೋಗುತ್ತವೆ, ಟಿಕೆಟ್ಟಿನಲ್ಲಿ ಕೊಂಡಿ ಮಾತ್ರ. ನೋಡಲು ಅನುಮತಿ 4 ಗಂಟೆ, ಆಮೇಲೆ ತಾನೇ ರದ್ದು. ಕೀಲಿ ಗ್ರಾಹಕರ ಬಳಿಯೇ ಇದ್ದರೆ ಒಳ್ಳೆಯದು, ಆದರೆ ಲೆಕ್ಕಾಚಾರ ನಡೆಯುವಾಗ ಡೇಟಾ ಮೆಮೊರಿಯಲ್ಲಿ ಸಾಮಾನ್ಯವಾಗಿ ಬಯಲಾಗಿಯೇ ಇರುತ್ತದೆ ಎಂಬುದನ್ನು ಮಾರಾಟದವರು ಹೇಳುವುದಿಲ್ಲ.

ಇನ್ನೊಂದು ತೊಡಕು ಬೆರಕೆ ಡೇಟಾ: ವೈಯಕ್ತಿಕವಾದದ್ದೂ ಅಲ್ಲದ್ದೂ ಒಂದೇ ಕಡತದಲ್ಲಿ. ಸೆನ್ಸರ್ ಲಾಗಿನಲ್ಲಿ ಆಪರೇಟರ್ ಬ್ಯಾಡ್ಜ್ ಸಂಖ್ಯೆಯ ಒಂದು ಕಾಲಮ್ ಇತ್ತು. ಬೇರ್ಪಡಿಸಲಾಗದಿದ್ದರೆ ಇಡೀ ಕಡತಕ್ಕೆ ಜಿಡಿಪಿಆರ್ (ವೈಯಕ್ತಿಕ ಡೇಟಾ ಕಾಪಾಡುವ ಒಕ್ಕೂಟದ ಕಾನೂನು) ನಿಯಮ. ಡೇಟಾ ಒಳಬರುವಾಗಲೇ ಆ ಕಾಲಮ್ಮನ್ನು ಬೇರೆ ಟೇಬಲ್ಲಿಗೆ ಸರಿಸಿದೆವು.

ಡೇಟಾ ಕೊಡಿ ಎಂದು ಹೊರದೇಶದ ಆದೇಶ ಬಂದರೆ ಮೊದಲ ಪ್ರಶ್ನೆ: ಅದು ಅಂತರರಾಷ್ಟ್ರೀಯ ಒಪ್ಪಂದದ ಮೇಲೆ ನಿಂತಿದೆಯೇ? ಇಲ್ಲವಾದರೆ ಮೂರು ಪರೀಕ್ಷೆ. ಆ ದೇಶದ ವ್ಯವಸ್ಥೆ ಆದೇಶಕ್ಕೆ ಕಾರಣ, ಮಿತಿ, ನಿರ್ದಿಷ್ಟತೆ ಬೇಕೆನ್ನುತ್ತದೆಯೇ. ನಮ್ಮ ಆಕ್ಷೇಪವನ್ನು ಅಲ್ಲಿನ ನ್ಯಾಯಾಲಯ ಪರಿಶೀಲಿಸುತ್ತದೆಯೇ. ಒಕ್ಕೂಟದ ಕಾನೂನು ಕಾಪಾಡುವ ಹಿತಾಸಕ್ತಿಯನ್ನು ಪರಿಗಣಿಸುವ ಅಧಿಕಾರ ಆ ನ್ಯಾಯಾಲಯಕ್ಕಿದೆಯೇ. ವ್ಯಾಪಾರ ಗುಟ್ಟು ಇದ್ದರೆ ರಾಷ್ಟ್ರೀಯ ಪ್ರಾಧಿಕಾರದ ಅಭಿಪ್ರಾಯ ಕೇಳಬಹುದು. ಕೊಡಲೇಬೇಕಾದರೂ ಕನಿಷ್ಠ ಪ್ರಮಾಣವಷ್ಟೇ, ಅದೂ ಗ್ರಾಹಕರಿಗೆ ಮೊದಲು ತಿಳಿಸಿ. ಅಪರಾಧ ತನಿಖೆಗೆ ಧಕ್ಕೆಯಾಗುವಷ್ಟು ಕಾಲ ಮಾತ್ರ ಈ ಸೂಚನೆಗೆ ವಿನಾಯಿತಿ.

28ನೇ ವಿಧಿಯಂತೆ, ಮೂಲಸೌಕರ್ಯ ಯಾವ ನ್ಯಾಯವ್ಯಾಪ್ತಿಗೆ ಸೇರಿದೆ, ಏನೇನು ತಡೆ ಹಾಕಿದ್ದೇವೆ ಎಂಬುದನ್ನು ಜಾಲತಾಣದಲ್ಲಿ ಹಾಕಿ, ಒಪ್ಪಂದದಲ್ಲಿ ಆ ಪುಟವನ್ನು ಉಲ್ಲೇಖಿಸಬೇಕು. ಹಳೆಯ ಒಪ್ಪಂದಗಳಲ್ಲಿ ಇದೊಂದೇ ಸಾಲು ಸೇರಿಸಲು ವಾರಗಳು ಹಿಡಿದವು.