ಆಸ್ಟ್ರೇಲಿಯಾದಲ್ಲಿ ವ್ಯಾಪಾರಕ್ಕೊಂದು ಡೊಮೇನ್ ಹೆಸರು: ಅರ್ಹತೆ, ಆಯ್ಕೆ ಮತ್ತು ನೋಂದಣಿ

ಊರಿನಲ್ಲಿದ್ದಾಗ .ಕಾಮ್ ಅಥವಾ .ಇನ್ ಹೆಸರನ್ನು ಕೊಂಡವರಿಗೆ ಗೊತ್ತಿರುವಂತೆ, ಅಲ್ಲಿ ಹೆಸರು ಖಾಲಿಯಿದ್ದು ಹಣ ಕಟ್ಟಿದರೆ ಸಾಕು. ಆ ಹೆಸರಿಗೂ ನಿಮ್ಮ ವ್ಯಾಪಾರಕ್ಕೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಆಸ್ಟ್ರೇಲಿಯಾದ .ಕಾಮ್.ಎಯು ಹಾಗಲ್ಲ. ಔಡಾ ಎಂದು ಕರೆಯಲಾಗುವ .ಎಯು ಡೊಮೇನ್ ಅಡ್ಮಿನಿಸ್ಟ್ರೇಷನ್ ಸಂಸ್ಥೆಯ ನಿಯಮಗಳ ಪ್ರಕಾರ ಇಲ್ಲಿ ಹೆಸರನ್ನು ಯಾರೂ ಕೊಳ್ಳುವುದಿಲ್ಲ. 1ರಿಂದ 5 ವರ್ಷಗಳ ಅವಧಿಗೆ ಅದನ್ನು ಬಳಸುವ ಪರವಾನಗಿಯನ್ನು ಪಡೆಯುತ್ತಾರೆ, ಮತ್ತು ಆ ಪರವಾನಗಿ ನಿಮ್ಮ ವ್ಯಾಪಾರದ ಕಾನೂನುಬದ್ಧ ಗುರುತಿಗೆ ಅಂಟಿಕೊಂಡಿರುತ್ತದೆ. ಸ್ಥಳೀಯ ಗ್ರಾಹಕರು .ಕಾಮ್.ಎಯು ವಿಳಾಸವನ್ನು ನಂಬುವುದಕ್ಕೆ ಈ ಬಿಗಿಯೇ ಕಾರಣ. ಆದ್ದರಿಂದ ಮೊದಲು ಹೆಸರು, ಆಮೇಲೆ ಕಾಗದಪತ್ರ ಎಂಬ ನಮ್ಮ ಅಭ್ಯಾಸವನ್ನು ಇಲ್ಲಿ ತಿರುವುಮುರುವು ಮಾಡಿಕೊಳ್ಳಬೇಕು.

ಮೊದಲ ಕಾಗದ ಎಬಿಎನ್, ಅಂದರೆ 11 ಅಂಕಿಗಳ ಆಸ್ಟ್ರೇಲಿಯನ್ ಬಿಸಿನೆಸ್ ನಂಬರ್. ಆಸ್ಟ್ರೇಲಿಯನ್ ಬಿಸಿನೆಸ್ ರಿಜಿಸ್ಟರ್‌ನ ಸರ್ಕಾರಿ ಜಾಲತಾಣದಲ್ಲಿ ಇದಕ್ಕೆ ಶುಲ್ಕವೇ ಇಲ್ಲ. ಹಣ ಕೇಳುವ ಜಾಲತಾಣಗಳು ನಿಮ್ಮ ಪರವಾಗಿ ಅರ್ಜಿ ತುಂಬುವ ಖಾಸಗಿ ಮಧ್ಯವರ್ತಿಗಳದು. ಜಿಎಸ್‌ಟಿ ನೋಂದಣಿ ವಾರ್ಷಿಕ ವಹಿವಾಟು 75,000 ಡಾಲರ್ ಮುಟ್ಟಿದಾಗ ಕಡ್ಡಾಯವಾಗುತ್ತದೆ, ಡೊಮೇನ್‌ಗೆ ಅದರ ಅಗತ್ಯವಿಲ್ಲ.

ನಮ್ಮವರಲ್ಲಿ ಹೆಚ್ಚಿನವರು ಎಡವುವುದು ಎಬಿಎನ್ ಬಂದ ನಂತರದ ಹಂತದಲ್ಲಿ. 2021ರ ಏಪ್ರಿಲ್ 12ರಂದು ಜಾರಿಗೆ ಬಂದ ನಿಯಮಗಳು ‘ಆಸ್ಟ್ರೇಲಿಯನ್ ಪ್ರೆಸೆನ್ಸ್’, ಅಂದರೆ ಆಸ್ಟ್ರೇಲಿಯಾದೊಂದಿಗೆ ಕಾನೂನುಬದ್ಧ ನಂಟು ಇರಬೇಕೆಂಬ ಷರತ್ತನ್ನು ಎಲ್ಲ .ಎಯು ಹೆಸರುಗಳಿಗೂ ಅನ್ವಯಿಸುತ್ತವೆ. ಒಬ್ಬರೇ ನಡೆಸುವ ವ್ಯಾಪಾರವಾದರೆ, ಅಂದರೆ ನೀವು ಸೋಲ್ ಟ್ರೇಡರ್ ಆಗಿದ್ದರೆ, ನೀವು ಇಲ್ಲಿನ ಪೌರರಾಗಿರಬೇಕು ಅಥವಾ ಕಾಯಂ ವಾಸದ ವೀಸಾ ಹೊಂದಿರಬೇಕು. ವಿದ್ಯಾರ್ಥಿ ವೀಸಾ ಅಥವಾ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಇರುವವರಿಗೂ ಎಬಿಎನ್ ಸಿಗಬಹುದು, ಆದರೆ ಆ ಸಂಖ್ಯೆಯೊಂದೇ ಅವರಿಗೆ .ಕಾಮ್.ಎಯು ಹೆಸರಿನ ಅರ್ಹತೆ ಕೊಡುವುದಿಲ್ಲ. ಹಳೆಯ ನಿಯಮಗಳ ಕಾಲದಲ್ಲಿ ಹೆಸರು ಪಡೆದ ಸ್ನೇಹಿತರು ‘ಎಬಿಎನ್ ಇದ್ದರೆ ಸಾಕು’ ಎಂದು ಹೇಳುವುದನ್ನು ನಂಬಿಕೊಂಡು ಹೆಸರು ಪಡೆದರೆ, ಯಾರಾದರೂ ದೂರು ಕೊಟ್ಟ ದಿನ, ಅಥವಾ ಪರಿಶೀಲನೆ ನಡೆದ ದಿನ, ಪರವಾನಗಿ ರದ್ದಾಗುವ ಸಾಧ್ಯತೆ ಇರುತ್ತದೆ. ಅಷ್ಟರಲ್ಲಿ ಬೋರ್ಡು, ವಿಸಿಟಿಂಗ್ ಕಾರ್ಡು, ಗ್ರಾಹಕರ ಇಮೇಲ್ ಎಲ್ಲವೂ ಆ ಹೆಸರಿನ ಮೇಲೆ ನಿಂತಿರುತ್ತವೆ.

ಕಾಯಂ ವಾಸ ಇನ್ನೂ ಸಿಗದವರಿಗೆ ದಾರಿಗಳಿಲ್ಲವೆಂದಲ್ಲ. ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆಯಾದ ಎಎಸ್‌ಐಸಿಯಲ್ಲಿ ನೋಂದಾಯಿತವಾದ ಕಂಪನಿಗೆ ತನ್ನದೇ ಆದ ಅರ್ಹತೆ ಇರುತ್ತದೆ. ಪ್ರೊಪ್ರೈಟರಿ, ಅಂದರೆ ಖಾಸಗಿ, ಕಂಪನಿಗೆ ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ವಾಸಿಸುವ ಒಬ್ಬ ನಿರ್ದೇಶಕರಾದರೂ ಬೇಕು, ಮತ್ತು ನಿರ್ದೇಶಕರಾಗುವ ಮೊದಲೇ ಡೈರೆಕ್ಟರ್ ಐಡಿ ಎಂಬ ಗುರುತಿನ ಸಂಖ್ಯೆ ಪಡೆದಿರಬೇಕು. ಇನ್ನೊಂದು ದಾರಿ, ಟ್ರೇಡ್‌ಮಾರ್ಕ್ ನೋಂದಾಯಿಸುವ ಸರ್ಕಾರಿ ಸಂಸ್ಥೆಯಾದ ಐಪಿ ಆಸ್ಟ್ರೇಲಿಯಾದಲ್ಲಿ ಪಡೆಯುವ ಟ್ರೇಡ್‌ಮಾರ್ಕ್. ಆದರೆ ಅದರ ಆಧಾರದ ಮೇಲೆ ಮಾತ್ರ ಅರ್ಜಿ ಹಾಕುವವರ ಡೊಮೇನ್, ಟ್ರೇಡ್‌ಮಾರ್ಕಿನಲ್ಲಿರುವ ಪದಗಳಿಗೆ ಅಕ್ಷರಶಃ ಹೊಂದಬೇಕು. ಕಂಪನಿ ನೋಂದಣಿಗೆ ಸುಮಾರು 600 ಡಾಲರ್, ಬಳಿಕ ಪ್ರತಿ ವರ್ಷ 300 ಡಾಲರ್‌ಗಿಂತ ಹೆಚ್ಚು ಶುಲ್ಕ, ಅದರ ಮೇಲೆ ಲೆಕ್ಕಪತ್ರದ ಖರ್ಚು ಇರುವುದರಿಂದ, ಕೇವಲ ಡೊಮೇನ್‌ಗಾಗಿ ಕಂಪನಿ ತೆರೆಯುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥವರು ಸದ್ಯಕ್ಕೆ .ಕಾಮ್ ಹೆಸರಿನಲ್ಲಿ ಆರಂಭಿಸಿ, ಕಾಯಂ ವಾಸ ದೊರೆತ ಮೇಲೆ .ಕಾಮ್.ಎಯು ಪಡೆಯಬಹುದು. ಇದಕ್ಕೂ ಮೊದಲು ನಿಮ್ಮ ವೀಸಾದ ಷರತ್ತುಗಳು ಸ್ವಂತ ವ್ಯಾಪಾರಕ್ಕೆ ಅವಕಾಶ ಕೊಡುತ್ತವೆಯೇ ಎಂದು ದಯವಿಟ್ಟು ನೋಡಿಕೊಳ್ಳಿ. ಡೊಮೇನ್ ಹೋದರೆ ಇನ್ನೊಂದು ಸಿಗುತ್ತದೆ, ವೀಸಾ ಹಾಗಲ್ಲ.

ಅರ್ಹತೆ ಸಿದ್ಧವಾದ ಮೇಲೆ ಹೆಸರಿನ ಆಯ್ಕೆ. ನಿಮ್ಮ .ಕಾಮ್.ಎಯು ಹೆಸರು ನಿಮ್ಮ ಕಂಪನಿಯ ಹೆಸರಿಗೆ, ಎಎಸ್‌ಐಸಿಯಲ್ಲಿ ನೋಂದಾಯಿಸಿದ ವ್ಯಾಪಾರದ ಹೆಸರಾದ ಬಿಸಿನೆಸ್ ನೇಮ್‌ಗೆ, ಸ್ವಂತ ಹೆಸರಿಗೆ ಅಥವಾ ಟ್ರೇಡ್‌ಮಾರ್ಕಿಗೆ ಹೊಂದಬೇಕು, ಇಲ್ಲವೇ ಅದರ ಸಂಕ್ಷಿಪ್ತ ರೂಪವಾಗಿರಬೇಕು. ಅದೂ ಅಲ್ಲವಾದರೆ ನೀವು ನಿಜವಾಗಿ ಮಾರುವ ಸರಕು ಅಥವಾ ನೀಡುವ ಸೇವೆಯ ಹೆಸರಾಗಿರಬೇಕು. ‘ಕಾವೇರಿ ಟಿಫನ್ಸ್’ ಎಂಬುದು ನಿಮ್ಮ ನೋಂದಾಯಿತ ಹೆಸರು ಎಂದಿಟ್ಟುಕೊಳ್ಳಿ. ಪೂರ್ತಿ ಹೆಸರಿಗಾಗಲಿ, ‘ಕಾವೇರಿ’ ಎಂಬ ಒಂದೇ ಪದಕ್ಕಾಗಲಿ ನೀವು ಅರ್ಜಿ ಹಾಕಬಹುದು. ದೋಸೆ ಹಿಟ್ಟು ಮಾರುತ್ತಿದ್ದರೆ ಅದರ ಹೆಸರನ್ನೂ ಕೇಳಬಹುದು. ಊರಿನ ಹೆಸರಿನಂತಹ ಬೇರೆ ಪದವನ್ನು ಸೇರಿಸಬೇಕೆಂದಿದ್ದರೆ, ಅದು ಬಿಸಿನೆಸ್ ನೇಮ್‌ನಲ್ಲೇ ಇರುವಂತೆ ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಕನ್ನಡದ ಹೆಸರನ್ನು ರೋಮನ್ ಲಿಪಿಗೆ ತರುವಾಗ ಇನ್ನಷ್ಟು ಯೋಚನೆ ಬೇಕು, ಏಕೆಂದರೆ ಬಿಸಿನೆಸ್ ನೇಮ್ ನೋಂದಣಿಯಲ್ಲಿ ನೀವು ಬರೆದ ಕಾಗುಣಿತವೇ ಡೊಮೇನ್‌ನ ಹೊಂದಾಣಿಕೆಗೂ ಆಧಾರವಾಗುತ್ತದೆ. ಕಾವೇರಿಯನ್ನು ‘ಕೆ’ಯಿಂದಲೂ ಬರೆಯುತ್ತಾರೆ, ‘ಸಿ’ಯಿಂದಲೂ ಬರೆಯುತ್ತಾರೆ, ಊಟಕ್ಕೆ ಒಬ್ಬರು ಒಂದು ‘ಯು’ ಹಾಕಿದರೆ ಇನ್ನೊಬ್ಬರು ಎರಡು ‘ಓ’ ಹಾಕುತ್ತಾರೆ. ‘ತ’ಕಾರಕ್ಕೆ ನಾವು ಟಿ ಮತ್ತು ಎಚ್ ಸೇರಿಸಿ ಬರೆಯುವುದು ನಮಗೆ ಸಹಜವಾಗಿ ಕಂಡರೂ ಇಲ್ಲಿನವರ ಬಾಯಲ್ಲಿ ಅದು ಬೇರೆಯದೇ ಧ್ವನಿಯಾಗುತ್ತದೆ. ಆದ್ದರಿಂದ ಹೆಸರನ್ನು ನಿಶ್ಚಯಿಸುವ ಮೊದಲು, ಕನ್ನಡ ಬಾರದ ನೆರೆಯವರಿಗೆ ಅಥವಾ ಸಹೋದ್ಯೋಗಿಗೆ ಫೋನಿನಲ್ಲಿ ಅದನ್ನು ಒಮ್ಮೆ ಹೇಳಿ, ಅವರು ಹೇಗೆ ಬರೆದುಕೊಂಡರು ಎಂದು ಕೇಳಿರಿ. ಮೂರು ಜನ ಮೂರು ರೀತಿ ಬರೆದರೆ ಆ ಹೆಸರನ್ನು ಮರುಯೋಚಿಸುವುದು ಒಳ್ಳೆಯದು. ಹೆಸರಿನಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳನ್ನು ಬಳಸಬಹುದು. ಅಡ್ಡಗೆರೆಯನ್ನು ಬಾಯಲ್ಲಿ ಹೇಳುವುದು ಕಷ್ಟವಾದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಕನ್ನಡ ಲಿಪಿಯಲ್ಲೇ ವಿಳಾಸ ಬೇಕೆನ್ನುವವರಿಗೆ ಭಾರತದ ‘.ಭಾರತ’ ವಲಯವಿದೆ, ಆದರೆ ಇಲ್ಲಿನ ಗ್ರಾಹಕರ ಕೀಬೋರ್ಡಿಗೆ ಅದು ಎಟುಕುವುದಿಲ್ಲ.

ಬಿಸಿನೆಸ್ ನೇಮ್ ನೋಂದಣಿಗೆ ಒಂದು ವರ್ಷಕ್ಕೆ ಸುಮಾರು 45 ಡಾಲರ್, 3 ವರ್ಷಕ್ಕೆ 100 ಡಾಲರ್‌ಗಿಂತ ಸ್ವಲ್ಪ ಹೆಚ್ಚು ಶುಲ್ಕವಿದ್ದು, ಅದು ಪ್ರತಿ ಜುಲೈನಲ್ಲಿ ಪರಿಷ್ಕೃತವಾಗುತ್ತದೆ. ಈ ನೋಂದಣಿ ಆ ಹೆಸರಿನ ಮೇಲೆ ನಿಮಗೆ ಒಡೆತನವನ್ನು ಕೊಡುವುದಿಲ್ಲ. ಒಡೆತನ ಬರುವುದು ಟ್ರೇಡ್‌ಮಾರ್ಕಿನಿಂದ. ಹಾಗಾಗಿ ಐಪಿ ಆಸ್ಟ್ರೇಲಿಯಾದ ಪಟ್ಟಿಯಲ್ಲಿ ನೀವು ಬಯಸುವ ಹೆಸರು ಈಗಾಗಲೇ ಇದೆಯೇ ಎಂದು ಹುಡುಕಿ ನೋಡಿ. ಬೆಂಗಳೂರು, ಮೈಸೂರು, ಉಡುಪಿಯ ಪ್ರಸಿದ್ಧ ಹೋಟೆಲಿನ ಹೆಸರನ್ನು ಅಭಿಮಾನದಿಂದ ಇಟ್ಟುಕೊಳ್ಳುವ ಆಸೆ ಸಹಜವೇ; ಆದರೆ ಆ ಹೆಸರಿನ ಒಡೆಯರು ಇಲ್ಲೂ ಟ್ರೇಡ್‌ಮಾರ್ಕ್ ಪಡೆದಿದ್ದರೆ, .ಎಯು ವಿವಾದಗಳಿಗೆಂದೇ ಇರುವ ಪ್ರಕ್ರಿಯೆಯಡಿ ದೂರು ಕೊಟ್ಟು ನಿಮ್ಮ ಡೊಮೇನನ್ನು ತಮಗೆ ವರ್ಗಾಯಿಸಿಕೊಳ್ಳಬಹುದು.

2022ರ ಮಾರ್ಚ್ 24ರಿಂದ ಮಧ್ಯದ ‘ಕಾಮ್’ ಇಲ್ಲದ, ನೇರವಾದ .ಎಯು ಹೆಸರುಗಳೂ ದೊರೆಯುತ್ತಿವೆ. ಇವುಗಳಿಗೂ ಆಸ್ಟ್ರೇಲಿಯನ್ ಪ್ರೆಸೆನ್ಸ್ ಬೇಕು, ಆದರೆ ವ್ಯಾಪಾರದ ಹೆಸರಿಗೆ ಹೊಂದಬೇಕೆಂಬ ಷರತ್ತಿಲ್ಲ. ಒಂದೇ ಹೆಸರಿನ .ಕಾಮ್.ಎಯು ನಿಮ್ಮದು, .ಎಯು ಬೇರೊಬ್ಬರದು ಎಂದಾದರೆ ಗ್ರಾಹಕರ ಇಮೇಲ್ ದಾರಿ ತಪ್ಪುವುದು ಖಂಡಿತ. ಎರಡೂ ಖಾಲಿ ಇದ್ದರೆ ಎರಡನ್ನೂ ಪಡೆಯಿರಿ. ಜನ ತಪ್ಪಾಗಿ ಬರೆಯಬಹುದಾದ ಇನ್ನೊಂದು ಕಾಗುಣಿತವನ್ನು ಕಾಯ್ದಿರಿಸಿಕೊಳ್ಳಲೂ ಈ ವಲಯವೇ ಅನುಕೂಲ. ಕನ್ನಡ ಸಂಘದಂತಹ ಲಾಭರಹಿತ ಸಂಸ್ಥೆಗಳಿಗೆ .ಓಆರ್‌ಜಿ.ಎಯು ಸೂಕ್ತ.

ನೋಂದಣಿಯನ್ನು ಔಡಾ ಮಾನ್ಯತೆ ಪಡೆದ ರಿಜಿಸ್ಟ್ರಾರ್ ಮೂಲಕ, ಅಥವಾ ಅವರ ಮರುಮಾರಾಟಗಾರರ ಮೂಲಕ ಮಾಡಿಸಬೇಕು. ಮೊದಲ ವರ್ಷದ ರಿಯಾಯಿತಿಗಿಂತ ನವೀಕರಣದ ದರವನ್ನು ಹೋಲಿಸಿ ನೋಡಿ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು: ವೆಬ್‌ಸೈಟ್ ಮಾಡಿಕೊಡುವ ಪರಿಚಿತರು ಎಷ್ಟೇ ಆತ್ಮೀಯರಾಗಿದ್ದರೂ ಡೊಮೇನ್‌ನ ಪರವಾನಗಿದಾರರಾಗಿ ನಿಮ್ಮ ವ್ಯಾಪಾರದ ಹೆಸರು ಮತ್ತು ಎಬಿಎನ್ ಮಾತ್ರ ಇರಬೇಕು, ಖಾತೆಯ ಪಾಸ್‌ವರ್ಡ್ ಮತ್ತು ಸಂಪರ್ಕದ ಇಮೇಲ್ ನಿಮ್ಮ ಕೈಯಲ್ಲೇ ಇರಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಪರವಾನಗಿ ಅವರದೇ. ಸಂಪರ್ಕದ ಇಮೇಲ್ ಅದೇ ಡೊಮೇನಿನದ್ದಾಗಿರದಂತೆಯೂ ನೋಡಿಕೊಳ್ಳಿ, ಏಕೆಂದರೆ ಡೊಮೇನ್ ನಿಂತುಹೋದ ದಿನ ಎಚ್ಚರಿಕೆಯ ಪತ್ರವೂ ನಿಮಗೆ ತಲುಪುವುದಿಲ್ಲ. ಡೊಮೇನ್ ಯಾರ ಹೆಸರಿನಲ್ಲಿದೆ ಎಂಬುದನ್ನು ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಯಾವಾಗ ಬೇಕಾದರೂ ಪರೀಕ್ಷಿಸಬಹುದು; .ಎಯು ಹೆಸರುಗಳಲ್ಲಿ ಪರವಾನಗಿದಾರರ ಗುರುತನ್ನು ಮರೆಮಾಡುವ ಸೇವೆಗೆ ಅವಕಾಶವಿಲ್ಲ.

ಅವಧಿ ಮುಗಿಯುವ 90 ದಿನ ಮೊದಲಿನಿಂದ ನವೀಕರಿಸಬಹುದು, ಮುಗಿದ ಬಳಿಕವೂ 30 ದಿನಗಳ ಅವಕಾಶವಿದೆ. ಆನಂತರ ಅದು ಯಾರಿಗೆ ಬೇಕಾದರೂ ದೊರೆಯುತ್ತದೆ. ನವೀಕರಣದ ಬಿಲ್ಲಿನಂತೆಯೇ ಕಾಣುವ, ಆದರೆ ನಿಮ್ಮದಲ್ಲದ ಇನ್ನೊಂದು ಡೊಮೇನನ್ನು ದುಬಾರಿ ಬೆಲೆಗೆ ಮಾರುವ ಪತ್ರಗಳು ಅಂಚೆಯಲ್ಲಿ ಬರುವುದುಂಟು. ನಿಮ್ಮ ರಿಜಿಸ್ಟ್ರಾರ್ ಹೆಸರು ಅದರಲ್ಲಿ ಇಲ್ಲದಿದ್ದರೆ ಹಣ ಕಟ್ಟಬೇಡಿ.

ವ್ಯಾಪಾರ ಬೆಳೆದು ಸೋಲ್ ಟ್ರೇಡರ್‌ನಿಂದ ಕಂಪನಿಯಾದಾಗ ಎಬಿಎನ್ ಬದಲಾಗುತ್ತದೆ, ಆದರೆ ಡೊಮೇನ್ ತಾನಾಗಿ ಹೊಸ ಕಂಪನಿಗೆ ಬರುವುದಿಲ್ಲ. ಹಳೆಯ ಎಬಿಎನ್ ರದ್ದುಮಾಡುವ ಮೊದಲೇ ರಿಜಿಸ್ಟ್ರಾರ್ ಮೂಲಕ ಪರವಾನಗಿಯನ್ನು ಕಂಪನಿಗೆ ವರ್ಗಾಯಿಸಿ, ಬಿಸಿನೆಸ್ ನೇಮ್ ಅನ್ನೂ ಎಎಸ್‌ಐಸಿಯಲ್ಲಿ ವರ್ಗಾಯಿಸಿಕೊಳ್ಳಬೇಕು. ಅಂಗಡಿಯನ್ನು ಬೇರೆಯವರಿಗೆ ಮಾರುವಾಗಲೂ ಇದೇ ಕ್ರಮ. ಕ್ರಯಪತ್ರದಲ್ಲಿ ಡೊಮೇನ್‌ನ ಹೆಸರನ್ನು ಪ್ರತ್ಯೇಕವಾಗಿ ಬರೆಸಿ, ಕೊಳ್ಳುವವರಿಗೆ ಆ ಹೆಸರನ್ನು ಹೊಂದುವ ಅರ್ಹತೆ ಇದೆಯೇ ಎಂದು ಸಹಿಗೆ ಮುಂಚೆ ಖಚಿತಪಡಿಸಿಕೊಳ್ಳಿ.